ಥರ್ಮೋಸ್ಟಾಟ್ ಹೊಂದಿಸುವ ಕುರಿತು ಸದಸ್ಯರಿಗೆ ಸೂಚನೆ

ಹುಬ್ಬಳ್ಳಿ-ಧಾರವಾಡದ ಬೇಕರಿ, ಡೇರಿ ಹಾಗೂ ಐಸ್‌ಕ್ರೀಮ್ ಅಂಗಡಿಗಳ ಸದಸ್ಯರೆಲ್ಲರಿಗೂ ನಮಸ್ಕಾರ.

ಬೇಸಿಗೆ ಏರುತ್ತಿದ್ದಂತೆ ಫ್ರಿಜ್ ತಂಪು ಮಾಡುತ್ತಿಲ್ಲವೆಂದು ಥರ್ಮೋಸ್ಟಾಟಿನ ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸಿಬಿಡುವವರು ನಮ್ಮಲ್ಲಿ ಬಹಳ ಜನರಿದ್ದಾರೆ. ಆ ಅಂಕಿಗಳು ಡಿಗ್ರಿಗಳಲ್ಲ. ಎಷ್ಟು ತಂಪಾದ ಮೇಲೆ ಕಂಪ್ರೆಸರ್ ನಿಲ್ಲಬೇಕು ಎಂಬುದನ್ನು ಅವು ನಿರ್ಧರಿಸುತ್ತವೆಯೇ ಹೊರತು ಬೇಗ ತಂಪಾಗಿಸುವುದಿಲ್ಲ.

ಗುಂಡಿಯ ಬದಲು ಡಿಜಿಟಲ್ ಕಂಟ್ರೋಲರ್ ಇರುವವರು ಡಿಫರೆನ್ಶಿಯಲ್ ಕಡೆಗೆ, ಅಂದರೆ ಕಂಪ್ರೆಸರ್ ನಿಲ್ಲುವ ಮತ್ತು ಪುನಃ ಚಾಲೂ ಆಗುವ ಉಷ್ಣತೆಗಳ ನಡುವಿನ ಅಂತರದ ಕಡೆಗೆ, ವಿಶೇಷ ಗಮನ ಕೊಡಬೇಕು. ಅದನ್ನು ಅರ್ಧ ಡಿಗ್ರಿಗೆ ಇಳಿಸಿದರೆ ಕಂಪ್ರೆಸರ್ ಮೇಲಿಂದ ಮೇಲೆ ನಿಂತು ಚಾಲೂ ಆಗಿ ಅದರ ಮೋಟರಿನ ಕಾಯಿಲ್ ಸುಡುವ ಸಂಭವವಿದೆ. ಸಾಮಾನ್ಯವಾಗಿ 2ರಿಂದ 3 ಡಿಗ್ರಿ ಅಂತರ ಸಾಕು. ಕರೆಂಟ್ ಹೋಗಿ ಬರುವ ನಮ್ಮೂರಿನಲ್ಲಿ ಕಂಪ್ರೆಸರ್ ಪುನಃ ಚಾಲೂ ಆಗುವ ಮುನ್ನ 3 ನಿಮಿಷದ ವಿಳಂಬವನ್ನೂ ಹೊಂದಿಸಿಡುವುದು ಒಳ್ಳೆಯದು.

ನನ್ನ ಅಂಗಡಿಯಲ್ಲೇ ಒಮ್ಮೆ ಒಳಗಿನ ಉಷ್ಣತೆ ಅಳೆಯುವ ಸೆನ್ಸರ್ ಕ್ಲಿಪ್ಪಿನಿಂದ ಕಳಚಿ ಬಾಗಿಲ ಬಳಿ ಜೋತುಬಿದ್ದಿತ್ತು. ಅದಕ್ಕೆ ಹೊರಗಿನ ಬಿಸಿಗಾಳಿ ತಾಗುತ್ತಿದ್ದುದರಿಂದ ಕಂಪ್ರೆಸರ್ ನಿಲ್ಲದೆ ಓಡಿ, ಫ್ರಿಜ್ಜಿನ ಒಳಗಿನ ತಂಪು ಮಾಡುವ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿತು. ಅದನ್ನು ನೋಡಿದ ಮೆಕ್ಯಾನಿಕ್ ಒಬ್ಬರು ಗ್ಯಾಸ್ ತುಂಬಿಸಲು ಹೇಳಿದ್ದರು! ಆದ್ದರಿಂದ ಗ್ಯಾಸಿಗೆ ಹಣ ಕೊಡುವ ಮೊದಲು ಸೆನ್ಸರ್ ಸ್ವಸ್ಥಾನದಲ್ಲಿದೆಯೇ ಎಂದು ನೋಡಿರಿ.

ಹಾಲಿಗೆ 4 ಡಿಗ್ರಿ, ಐಸ್‌ಕ್ರೀಮಿಗೆ ಮೈನಸ್ 18 ಡಿಗ್ರಿ ಸಾಕು. ಅಂಗಡಿಯ ಏಸಿಯನ್ನು 24 ಡಿಗ್ರಿಗೆ ಇಡಿರಿ. ಸ್ಟಾರ್ ಗುರುತಿನ ಹೊಸ ಏಸಿಗಳು 2020ರ ಜನವರಿಯಿಂದ ಅದೇ ಉಷ್ಣತೆಗೆ ಹೊಂದಿಸಿಯೇ ಬರುತ್ತಿವೆ.