ವಿಡಂಬನೆಯ ಅಚ್ಚುಚಿತ್ರ ಜನರ ಕೈಗೆಟುಕಲಿ

ಮಾನ್ಯ ಸಂಪಾದಕರೇ,

ಸಮಾಜದ ಓರೆಕೋರೆಗಳನ್ನು ಕೆಣಕುವ ಅಚ್ಚುಚಿತ್ರಗಳಿಗೂ (ತಗಡು, ಮರದಂಥದ್ದರಲ್ಲಿ ಕೆತ್ತಿ ಇಂಕು ಹಚ್ಚಿ ಕಾಗದಕ್ಕೆ ಒತ್ತಿ ತೆಗೆಯುವ ಚಿತ್ರಗಳು) ನಮ್ಮ ಕಲಾವಿದರು ಹತ್ತೇ ಪ್ರತಿ ತೆಗೆದು, ‘3/10’ (ಹತ್ತರಲ್ಲಿ ಮೂರನೆಯದು) ಎಂದು ಸಂಖ್ಯೆ ಬರೆದು, ಗಾಜು ಹಾಕಿಸಿ ಗ್ಯಾಲರಿಯಲ್ಲಿ ತೂಗುಹಾಕುತ್ತಾರೆ. ಯಾರನ್ನು ಕುರಿತ ಚಿತ್ರವೋ ಅವರ ಕಣ್ಣಿಗೇ ಅದು ಬೀಳುವುದಿಲ್ಲ. ವಿಡಂಬನೆಗೆ ಈ ಪದ್ಧತಿ ಒಗ್ಗದು.

ಲಂಡನ್ನಿನ ಚಿತ್ರಕಾರ ವಿಲಿಯಂ ಹೋಗಾರ್ತ್ 1751ರಲ್ಲಿ ಜಿನ್ ಮದ್ಯದ ಹಾವಳಿಯನ್ನು ತೋರಿಸುವ ‘ಜಿನ್ ಲೇನ್’ ಚಿತ್ರವನ್ನು ತಾಮ್ರದ ತಗಡಿನಿಂದ ಅಚ್ಚು ಹಾಕಿ ಒಂದು ಶಿಲ್ಲಿಂಗಿಗೆ ಮಾರಿದ. ಅಮಲೇರಿದ ತಾಯಿ ನಶ್ಯ ತೆಗೆಯುತ್ತಿದ್ದಾಳೆ, ಮಗು ಕೈಜಾರಿ ಬೀಳುತ್ತಿದೆ. ಎಲ್ಲರೂ ನೋಡುವುದು ಇದನ್ನೇ. ಆದರೆ ಬದಿಯ ಗಿರವಿ ಅಂಗಡಿಯಲ್ಲಿ ಬಡಗಿಯೊಬ್ಬ ಗರಗಸವನ್ನೂ ಹೆಂಗಸೊಬ್ಬಳು ಅಡುಗೆ ಪಾತ್ರೆಗಳನ್ನೂ ಒತ್ತೆ ಇಡುತ್ತಿರುವುದು ಇನ್ನೂ ಕಟುವಾಗಿದೆ. ಓದು ಬಾರದವರಿಗೂ ಅದು ತಿಳಿಯುತ್ತದೆ. ಕೂಲಿಕಾರರಿಗೆ ಒಂದು ಶಿಲ್ಲಿಂಗೂ ದುಬಾರಿಯೇ. ಹಾಗಾಗಿ ಅದೇ ವರ್ಷ ಕ್ರೌರ್ಯದ ಕುರಿತ ನಾಲ್ಕು ಚಿತ್ರಗಳನ್ನು ಮರದ ಅಚ್ಚಿನಲ್ಲಿ ಅಗ್ಗವಾಗಿ ಕೊಡಲು ನೋಡಿದ; ಕೆತ್ತನೆಯ ಖರ್ಚು ಏರಿ ಎರಡಕ್ಕೇ ನಿಂತಿತು.

ನಮಗೀಗ ಲಿನೋಲಿಯಂ (ಲಿನೋ) ಇದೆ; ನೆಲಕ್ಕೆ ಹಾಸುವ ಮೆದು ಹಾಳೆಯಾದ ಇದನ್ನು ಉಳಿಯಿಂದ ಸುಲಭವಾಗಿ ಕೆತ್ತಬಹುದು. ಎ4 ಅಳತೆಯ ಒಂದು ತುಂಡಿನಿಂದ ನೂರಿನ್ನೂರು ಪ್ರತಿ ಸ್ಪಷ್ಟವಾಗಿ ಬರುತ್ತವೆ. ಗಟ್ಟಿಯಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗಿಡಿ, ಉಳಿ ಸಲೀಸಾಗಿ ಓಡುತ್ತದೆ. ಪ್ರೆಸ್ ಇಲ್ಲದಿದ್ದರೆ 80 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಸುತ್ತಲಿನ ತೆಳು ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿದರೂ ಸಾಕು.

ಹೆಚ್ಚಿನವರು ಎಡವುವುದು ಕನ್ನಡ ಬರಹದಲ್ಲಿ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಕೆತ್ತಬೇಕು. ಟ್ರೇಸಿಂಗ್ ಕಾಗದದಲ್ಲಿ ಮೆತ್ತನೆ ಪೆನ್ಸಿಲಿನಿಂದ ಬರೆದು, ಮಗುಚಿ ಲಿನೋ ಮೇಲಿಟ್ಟು ಉಜ್ಜಿದರೆ ತಾನಾಗಿಯೇ ತಿರುಗುತ್ತದೆ. ಅಕ್ಷರ ಒಂದು ಸೆಂಟಿಮೀಟರಿಗಿಂತ ಸಣ್ಣದಾದರೆ ‘ಠ’ದ ಚುಕ್ಕಿಯ ಸುತ್ತಲಿನ ಬಿಳುಪು, ಒತ್ತಕ್ಷರಗಳ ಸಂದು ಎಲ್ಲ ಇಂಕು ತುಂಬಿ ಮುಚ್ಚಿಹೋಗುತ್ತವೆ. ಚಿತ್ರವೇ ಹೇಳುವುದನ್ನು ಮತ್ತೆ ಬರೆಯುವ ಚಾಳಿ ಬಿಟ್ಟರೆ ಈ ತೊಂದರೆ ಅರ್ಧ ಕಡಿಮೆ. ರೋಲರಿನಿಂದ ಇಂಕನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು. ಒಮ್ಮೆಲೇ ದಪ್ಪಗೆ ಬಳಿದರೆ ಸಣ್ಣ ಗೆರೆಗಳು ಕಟ್ಟಿಕೊಳ್ಳುತ್ತವೆ. ಎಣ್ಣೆ ಇಂಕು ಮಳೆಗಾಲದಲ್ಲಿ ಬೇಗ ಒಣಗದು. ಹಸಿ ಪ್ರತಿಗಳನ್ನು ಪೇರಿಸದೆ ಹಗ್ಗಕ್ಕೆ ಸಿಕ್ಕಿಸಿ.

ಬೆಂಗಳೂರಿನ ಚಿತ್ರಸಂತೆಯಲ್ಲಿ ಕಲಾಶಾಲೆಗಳ ವಿದ್ಯಾರ್ಥಿಗಳು ಸ್ಥಳದಲ್ಲೇ ಅಚ್ಚು ಹಾಕಿ, ನೀರಿನ ಟ್ಯಾಂಕರು, ಕೋಚಿಂಗ್ ಜಾಹೀರಾತು, ಮದುವೆಯ ದುಂದುಗಳ ಮೇಲಿನ ಚಿತ್ರಗಳನ್ನು ಮೂವತ್ತು ನಲವತ್ತು ರೂಪಾಯಿಗೆ ಮಾರಲಿ. ಸಂಖ್ಯೆ ಬೇಡ, ಸಹಿ ಸಾಕು. ನಿಮ್ಮ ಪುರವಣಿಯೂ ತಿಂಗಳಿಗೊಮ್ಮೆ ಒಂದು ಲಿನೋ ಚಿತ್ರಕ್ಕೆ ಅರ್ಧ ಪುಟ ಕೊಡಲಿ. ಅದು ಅಪ್ಪಟ ಕಪ್ಪು ಬಿಳುಪು; ನ್ಯೂಸ್‌ಪ್ರಿಂಟಿನಲ್ಲಿ ಕೆಡುವ ಭಯವಿಲ್ಲ.

– ಮುದ್ರಣ ಕಲಾವಿದರು, ಮೈಸೂರು