ಗಾರೆ ಆನೆಗಳ ಪಕ್ಕದಲ್ಲೇ ವಿಧಾನಸಭೆ

ಮಾನ್ಯರೇ,

ಕೊಡಗಿಗೆ ಒಂದು ಕಾಲದಲ್ಲಿ ಸ್ವಂತ ವಿಧಾನಸಭೆ ಇತ್ತು ಎಂದರೆ ನಮ್ಮ ಪ್ರೌಢಶಾಲೆಯ ಮಕ್ಕಳು ನಂಬುವುದಿಲ್ಲ. 1952ರ ಚುನಾವಣೆಯಲ್ಲಿ 24 ಸದಸ್ಯರು ಆರಿಸಿ ಬಂದದ್ದು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದದ್ದು, 1956ರ ನವೆಂಬರ್ 1ರಂದು ಕೇಂದ್ರದ ಮೇಲುಸ್ತುವಾರಿಯಲ್ಲಿದ್ದ ಈ ಪುಟ್ಟ ‘ಸಿ’ ದರ್ಜೆಯ ರಾಜ್ಯ ಮೈಸೂರಿನಲ್ಲಿ ವಿಲೀನವಾದದ್ದು, ಎಲ್ಲ ಅವರಿಗೆ ಯಾವುದೋ ದೇಶದ ಕಥೆ. ಮಡಿಕೇರಿ ಕೋಟೆ ಮಾತ್ರ ಚೆನ್ನಾಗಿ ಗೊತ್ತು. ಅಲ್ಲಿನ ಗಾರೆ ಆನೆಗಳ ಮುಂದೆ ರೀಲ್ಸ್ ಮಾಡದವರೇ ಕಡಿಮೆ. ಹಳೆಯ ವಿಧಾನ ಸಭಾಂಗಣವೂ ಅದೇ ಕೋಟೆಯೊಳಗಿದೆ.

ಮಕ್ಕಳನ್ನು ದೂರಿ ಫಲವಿಲ್ಲ. ಸಿನಿಮಾದವರಿಗೆ ಕೊಡಗು ಎಂದರೆ ಮಂಜು, ಹೋಂಸ್ಟೇ, ಒಂದು ಡ್ಯುಯೆಟ್. ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬಂದು ಮುಂದಿನ ಬೆಂಚಿನಲ್ಲಿ ಕೂರುವ ಹುಡುಗಿ ಆ ತೆರೆಯ ಮೇಲೆ ಬರುವುದೇ ಇಲ್ಲ. ಇನ್ನು ರಾಜಕೀಯದ ಮಾತೆತ್ತಲು ಶಿಕ್ಷಕರಾದ ನಾವೇ ಅಂಜುತ್ತೇವೆ. ಯಾವ ಪೋಷಕರು ಯಾವ ಪಕ್ಷವೋ! ಮತಗಟ್ಟೆ ಕೆಲಸಕ್ಕೆ ನಾವು ಬೇಕು, ತರಗತಿಯಲ್ಲಿ ಮತದ ಬಗ್ಗೆ ಬಾಯಿ ಬಿಡುವಂತಿಲ್ಲ. ಮೊನ್ನೆ ಒಬ್ಬ ಹುಡುಗ ಕೇಳಿದ: “ಆಗ 24 ಶಾಸಕರಿದ್ದರು, ಈಗ ಇಬ್ಬರೇ ಯಾಕೆ ಮಿಸ್?” 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಗಿ ಮೂರು ಎರಡಾದದ್ದನ್ನು ಹೇಳುತ್ತಾ ಜನಸಂಖ್ಯೆಯ ಲೆಕ್ಕಕ್ಕೆ ಇಳಿದೆವು. ಅದು ಗಣಿತದ ಪೀರಿಯಡ್ ಆಗಿತ್ತು, ಇರಲಿ.

ಕೋಟೆಯ ಆ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಅಣಕು ಅಧಿವೇಶನ ನಡೆಸಲು ಜಿಲ್ಲಾಡಳಿತ ಅವಕಾಶ ಕೊಡಲಿ. ಮಳೆಗಾಲ ಬಿಟ್ಟು ಯಾವ ತಿಂಗಳಾದರೂ ಸರಿ.

– ಪ್ರೌಢಶಾಲಾ ಶಿಕ್ಷಕಿ, ಸೋಮವಾರಪೇಟೆ