‘ನನ್ನ ನೋಡು’ ಎಂದು ಗಲ್ಲ ಎತ್ತಬೇಡಿ

ಮಾನ್ಯ ಸಂಪಾದಕರೇ,

ಆಟಿಸಂ (ಜನರೊಡನೆ ಬೆರೆಯುವ, ಸಂವಹನ ನಡೆಸುವ ರೀತಿ ಬೇರೆಯಾಗಿರುವ ಸ್ಥಿತಿ) ಇರುವ ಮಗುವಿನ ಗಲ್ಲ ಹಿಡಿದೆತ್ತಿ ‘ನನ್ನ ನೋಡು, ಆಮೇಲೆ ಬಿಸ್ಕತ್ತು’ ಎನ್ನುವ ತರಬೇತಿ ಅಲ್ಲಲ್ಲಿ ಇನ್ನೂ ನಡೆದಿದೆ. ಕಣ್ಣಲ್ಲಿ ಕಣ್ಣಿಡುವುದೇ ಹಲವು ಮಕ್ಕಳಿಗೆ ಹಿಂಸೆ. ಆ ಶ್ರಮದಲ್ಲಿ ನಾವು ಹೇಳಿದ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯುವುದಿಲ್ಲ.

2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಮಿ ಕ್ಲಿನ್ ತಂಡ ಹಳೆಯ ಸಿನಿಮಾವೊಂದರ ದೃಶ್ಯಗಳನ್ನು ತೋರಿಸಿ, ನೋಡುವವರ ಕಣ್ಣಿನ ಚಲನೆ ಅಳೆಯಿತು. ಆಟಿಸಂ ಇರುವ 15 ಮಂದಿ ಪಾತ್ರಗಳ ಕಣ್ಣು ನೋಡಿದ ಹೊತ್ತು ಆಟಿಸಂ ಇಲ್ಲದವರಿಗಿಂತ ಬಹಳ ಕಡಿಮೆ. ಆದರೆ ಅವರೊಳಗೆ ಬಾಯಿಯನ್ನು ಹೆಚ್ಚು ನೋಡಿದವರು ಜನರೊಡನೆ ಬೆರೆಯುವುದರಲ್ಲಿ ಮುಂದಿದ್ದರು, ವಸ್ತುಗಳನ್ನೇ ನೋಡಿದವರು ಹಿಂದಿದ್ದರು. ತುಟಿ ನೋಡುತ್ತಾ ಮಾತು ಹಿಡಿಯುವ ಮಗುವನ್ನು ಗದರುವುದು ಎಂಥ ಪಾಠ?

ಅದೇ ಸಿನಿಮಾದ ಒಂದು ದೃಶ್ಯದಲ್ಲಿ ಪಾತ್ರಧಾರಿ ಗೋಡೆಯ ಚಿತ್ರಪಟಕ್ಕೆ ಬೆರಳು ತೋರಿ, ಬರೆದವರು ಯಾರೆಂದು ಕೇಳುತ್ತಾನೆ. ಆಟಿಸಂ ಇದ್ದ ವೀಕ್ಷಕನ ನೋಟ ಬೆರಳಿನ ಹಿಂದೆ ಹೋಗಲಿಲ್ಲ. ಮಾತು ಕೇಳಿದ ಮೇಲೆ ಒಂದು ಪಟದಿಂದ ಇನ್ನೊಂದಕ್ಕೆ ಅಲೆಯಿತು. ತರಗತಿಯಲ್ಲಿ ಆಗುವುದೂ ಇದೇ. ‘ಅದನ್ನ ತಗೊಂಡು ಬಾ’ ಎನ್ನುವ ಬದಲು ‘ಕಪಾಟಿನ ಮೇಲಿನ ಕೆಂಪು ಡಬ್ಬ’ ಎನ್ನಿ. ಹತ್ತಿರವಿದ್ದರೆ ಮುಟ್ಟಿ ತೋರಿಸಿ. ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಸುಮ್ಮನಿರಿ. ನಡುವೆ ಮಾತು ಬದಲಿಸಿ ಕೇಳಿದರೆ ಮಗು ಮತ್ತೆ ಮೊದಲಿನಿಂದ ಅರ್ಥ ಮಾಡಿಕೊಳ್ಳಬೇಕು. ಎದುರಿಗಿಂತ ಪಕ್ಕದಲ್ಲಿ ಕುಳಿತು ಇಬ್ಬರೂ ಒಂದೇ ವಸ್ತು ನೋಡುವುದು ಲೇಸು.

ಆಟಿಸಂ ಗುರುತಿಸುವ ಪರೀಕ್ಷೆಯಲ್ಲೂ ಎಡವಟ್ಟಿದೆ. ದೃಶ್ಯದಲ್ಲಿ ಒಬ್ಬರಿಗಿಂತ ಹೆಚ್ಚು ಜನರಿದ್ದಾಗ ನೋಟದ ವ್ಯತ್ಯಾಸ ಹೆಚ್ಚುತ್ತದೆ. ಹಾಗಾಗಿ ಶಾಂತ ಕೋಣೆಯಲ್ಲಿ ಒಬ್ಬ ತಜ್ಞರೆದುರು ‘ಚೆನ್ನಾಗಿ ನೋಡುತ್ತಾನೆ’ ಎನಿಸಿಕೊಂಡವನು ಬಿಸಿಯೂಟದ ಸಾಲಿನಲ್ಲಿ ಕಂಗಾಲಾಗಬಹುದು. ಪೋಷಕರು ಆಟ, ಊಟದ ಹೊತ್ತಿನ ಐದು ನಿಮಿಷದ ಮೊಬೈಲ್ ವಿಡಿಯೊವನ್ನು ತಜ್ಞರ ಬಳಿ ಒಯ್ಯಲಿ. ಆಟಿಸಂ ಎಷ್ಟಿದೆಯೆಂದು ಅಳೆಯಲು ನಮ್ಮಲ್ಲಿ ಬಳಸುವ ಐಎಸ್‌ಎಎ ಮಾಪನದ 40 ಅಂಶಗಳಲ್ಲಿ ಮೊದಲನೆಯದೇ ಕಣ್ಣಿನ ಸಂಪರ್ಕ. ಒಂದೊಂದಕ್ಕೂ 1ರಿಂದ 5 ಅಂಕ; ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ದೊಡ್ಡವರೆದುರು ತಲೆ ತಗ್ಗಿಸಬೇಕೆಂದು ಕಲಿಸಿದ ಮನೆಯ ಮಗುವಿಗೆ ಅಲ್ಲಿ ಅಂಕ ಹಾಕುವ ಮುನ್ನ, ಓರಗೆಯವರೊಡನೆ ಹೇಗೆ ನೋಡುತ್ತದೆ ಎಂದು ಕೇಳಿ. ಕರೆದರೆ ತಿರುಗದ ಮಗುವಿಗೆ ಶ್ರವಣ ಪರೀಕ್ಷೆಯನ್ನೂ ತಪ್ಪದೆ ಮಾಡಿಸಿ.

– ವಿಶೇಷ ಶಿಕ್ಷಕರು ಮತ್ತು ವಾಕ್ ಚಿಕಿತ್ಸಕರು, ಮೈಸೂರು